ನೋಡದೆ ಬರೆದ ವಿಮರ್ಶೆ, ಮುರಿದು ಬಂದ ಮೂರ್ತಿ: ಎರಕದ ಸಂಸ್ಥೆಗೊಂದು ದೂರು

ಗೆ,
ವ್ಯವಸ್ಥಾಪಕರು,
ಕಿರುಮೂರ್ತಿ ಅಚ್ಚು ಮತ್ತು ಎರಕ ವಿಭಾಗ,
ಬೆಂಗಳೂರು.

ಇವರಿಂದ,
ತಮ್ಮ ಗ್ರಾಹಕ,
ಸಾಗರ, ಶಿವಮೊಗ್ಗ ಜಿಲ್ಲೆ.

ವಿಷಯ: ಗಂಡಭೇರುಂಡ ಯೋಧನ ಮೂಲ ಮೂರ್ತಿಗೆ ತಾವು ಕೊಟ್ಟ ವಿಮರ್ಶೆ, ಅದರ ಎರಕದಲ್ಲಿನ ಲೋಪ ಮತ್ತು ಮೂಲ ಮೂರ್ತಿಗೆ ಆಗಿರುವ ಹಾನಿ ಕುರಿತು.

ಮಾನ್ಯರೇ,

ಅಚ್ಚು ತೆಗೆದು ಪ್ರತಿಗಳನ್ನು ಎರಕ ಹೊಯ್ದು ಕೊಡಲೆಂದು ನಾನು ತಮಗೆ ಕಳುಹಿಸಿದ ಮೂರ್ತಿಯ ಮೈಮೇಲೆ ಮೇಲಂಗಿ ಇಲ್ಲ. ಕೈಯಲ್ಲಿ ಕತ್ತಿ ಇಲ್ಲ. ಮುಖದಲ್ಲಿ ತುಟಿಯೂ ಇಲ್ಲ. ಹಕ್ಕಿಯ ಎರಡು ತಲೆಗಳಿವೆ, ಎರಡು ಕೊಕ್ಕುಗಳಿವೆ. ಆದರೆ ತಮ್ಮ ಸಂಸ್ಥೆಯಿಂದ ಬಂದ ಒಂದು ಪುಟದ ವಿಮರ್ಶೆಯಲ್ಲಿ "ಮೇಲಂಗಿಯ ನೆರಿಗೆಗಳು ಇನ್ನಷ್ಟು ಸಹಜವಾಗಿ ಇಳಿಯಬೇಕು", "ಕತ್ತಿ ಹಿಡಿದ ಬೆರಳುಗಳನ್ನು ಬಿಡಿಸಿ ತೋರಿಸಿ", "ತುಟಿಗಳಲ್ಲಿ ಭಾವ ಸಾಲದು" ಎಂದು ಬರೆದಿದೆ. ಕೊನೆಯಲ್ಲಿ "ಒಟ್ಟಾರೆ ಉತ್ತಮ ಪ್ರಯತ್ನ, ಎರಕಕ್ಕೆ ಯೋಗ್ಯ" ಎಂಬ ಷರಾ. ಕೆಳಗೆ ಯಾರ ಸಹಿಯೂ ಇಲ್ಲ. ಎರಕದ ಶುಲ್ಕವಲ್ಲದೆ ಈ ವಿಮರ್ಶೆಗೆಂದೇ ತಾವು ಪ್ರತ್ಯೇಕವಾಗಿ 1,200 ರೂಪಾಯಿ ಪಡೆದಿದ್ದೀರಿ. "ಅನುಭವಿ ಶಿಲ್ಪಿಯೊಬ್ಬರು ತಮ್ಮ ಮೂರ್ತಿಯನ್ನು ಪರಿಶೀಲಿಸಿದ ನಂತರವೇ ಅಚ್ಚು ತೆಗೆಯುತ್ತೇವೆ" ಎಂಬುದು ತಮ್ಮ ಆದೇಶ ಪತ್ರದಲ್ಲಿರುವ ಮಾತು. ನನ್ನ ಮೂರ್ತಿಯನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ಆಮೇಲೆ ನಡೆದ ಅನಾಹುತ ನಡೆಯುತ್ತಿರಲಿಲ್ಲ. ಇದೇ ನನ್ನ ಮುಖ್ಯ ದೂರು. ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು.

ಇದು ಮೇಜಿನ ಮೇಲೆ ಆಡುವ ಕಾಲ್ಪನಿಕ ಯುದ್ಧದ ಆಟಕ್ಕಾಗಿ ಮಾಡಿದ ಕಾಯಿ. 28 ಮಿ.ಮೀ. ಅಳತೆ, ಅಂದರೆ ಮನುಷ್ಯ ಪಾತ್ರಕ್ಕೆ ಅಂಗಾಲಿನಿಂದ ಕಣ್ಣಿನವರೆಗಿನ ಎತ್ತರ. ರೂಪವನ್ನು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ತೆಗೆದುಕೊಂಡಿದ್ದೇನೆ. ಅಲ್ಲಿ 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ನಿಲ್ಲಿಸಿದ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕೆಳದಿಯ ರಾಮೇಶ್ವರ ದೇವಸ್ಥಾನದ ಚಾವಣಿಯ ಗಂಡಭೇರುಂಡವೂ ನಮಗೆ ಹತ್ತಿರದ್ದೇ, ಆದರೆ ಅದು ಪಕ್ಷಿರೂಪದ್ದು. ಯೋಧನ ಪಾತ್ರಕ್ಕೆ ಒಗ್ಗುವುದು ಬಳ್ಳಿಗಾವಿಯದೇ. ಹೊರದೇಶದ ಕಥೆಗಳ ಡ್ರ್ಯಾಗನ್, ಓರ್ಕ್ ಎಂಬ ರಾಕ್ಷಸರನ್ನು ಎಷ್ಟೋ ಜನ ಚೆನ್ನಾಗಿ ಮಾಡುತ್ತಾರೆ. ನಮ್ಮ ಕಲ್ಲಿನಲ್ಲಿ ಇಷ್ಟು ದಿನ ನಿಂತಿರುವ ಪ್ರಾಣಿಗಳೂ ಆ ಮೇಜಿಗೆ ಬರಲಿ ಎಂಬುದು ನನ್ನ ಆಸೆ.

ತಂತಿಯ ಹಂದರದ ಮೇಲೆ ಎಪಾಕ್ಸಿ ಪುಟ್ಟಿಯಿಂದ ಕಟ್ಟಿದ ಮೂರ್ತಿ ಇದು. ಹಳದಿ, ನೀಲಿ ಪಟ್ಟಿಗಳನ್ನು ಹಸಿರಾಗುವವರೆಗೆ ನಾದಿ ಬಳಸುವ ಗ್ರೀನ್ ಸ್ಟಫ್ ಎಂಬ ಈ ಪುಟ್ಟಿ ತಮಗೆ ಹೊಸದಲ್ಲ. ನಾದಿದ ಮೇಲೆ ಅದು ಕೈಗೆ ಬಗ್ಗುವುದು ಒಂದೆರಡು ಗಂಟೆ ಮಾತ್ರ. ರೆಕ್ಕೆಯ ಗರಿಗಳನ್ನು ಒಂದು ಸಾಲು ಕೂರಿಸಿ, ಅದು ಗಟ್ಟಿಯಾಗುವವರೆಗೆ ಕಾದು, ಅದರ ಮೇಲೆ ಇನ್ನೊಂದು ಸಾಲು ಕೂರಿಸಬೇಕು. ಅವಸರಪಟ್ಟರೆ ಕೆಳಗಿನ ಸಾಲು ಬೆರಳಿನ ಒತ್ತಿಗೆ ಕೆಡುತ್ತದೆ. ಹಾಗೆ ಸಾಲು ಸಾಲಾಗಿ ಎದ್ದ ರೆಕ್ಕೆಯನ್ನು ತಮ್ಮವರು ತಂತಿ ಕಾಣುವಂತೆ ಕಿತ್ತು ಕಳುಹಿಸಿದ್ದಾರೆ.

ವಿಮರ್ಶೆಯ ಮಾತಿಗೆ ಬರುತ್ತೇನೆ. ನಾನು ಗುಡಿಗಾರರ ಮನೆಯವನು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯ ಬಗ್ಗೆ ತಾವು ಕೇಳಿಯೇ ಇರುತ್ತೀರಿ. ನಮ್ಮಲ್ಲಿ ಹಿರಿಯರಿಗೆ ಕೆಲಸ ತೋರಿಸುವುದೆಂದರೆ ಒಂದು ಕ್ರಮವಿದೆ. ದೊಡ್ಡಪ್ಪ ಕೆತ್ತನೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ಮಾತನಾಡುವುದಿಲ್ಲ. ಕಿಟಕಿಯ ಬೆಳಕಿಗೆ ಒಡ್ಡಿ ನಿಧಾನವಾಗಿ ತಿರುಗಿಸುತ್ತಾರೆ, ತಲೆಕೆಳಗು ಮಾಡಿ ನೋಡುತ್ತಾರೆ, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತಾರೆ. ಆಮೇಲೆ ಬರುವ ಮಾತು ಯಾವುದೋ ಒಂದು ಜಾಗಕ್ಕೇ ಹೋಗಿ ತಗಲುತ್ತದೆ. ಈ ಆಟಗಳ ಗಂಧಗಾಳಿಯೂ ಇಲ್ಲದ ಅವರು ಈ ಭೇರುಂಡವನ್ನು ನೋಡಿ, "ಭಾರವೆಲ್ಲ ಎಡಗಾಲಿನ ಮೇಲೆ ಬಿಟ್ಟಿದ್ದೀಯಲ್ಲ, ಹಾಗಿದ್ದ ಮೇಲೆ ಎಡ ಸೊಂಟ ಇನ್ನೂ ಒಂದು ಎಳೆ ಮೇಲೇಳಬೇಕು ಮಗನೇ. ಮತ್ತೆ ಈ ಬಲದ ತಲೆ ಯಾರನ್ನು ನೋಡುತ್ತಿದೆ?" ಎಂದು ಕೇಳಿದರು. ಹುಬ್ಬಿನ ಅಂಚನ್ನು ಕೂದಲೆಳೆಯಷ್ಟು ಇಳಿಸಿದೆ, ತಲೆಗೆ ಗುರಿ ಬಂತು. ವಿಮರ್ಶೆ ಎಂದರೆ ಇದು. ಹೊಗಳಿಕೆ ಬೇಕೆಂದು ನಾನು ಹಣ ಕಟ್ಟಲಿಲ್ಲ. "ಸರಿಯಿಲ್ಲ, ಕಿತ್ತು ಮತ್ತೆ ಮಾಡು" ಎಂದು ತಮ್ಮ ಶಿಲ್ಪಿ ಬರೆದಿದ್ದರೂ ನಾನು ಬೇಸರಿಸಿಕೊಳ್ಳುತ್ತಿರಲಿಲ್ಲ, ಎಲ್ಲಿ ಸರಿಯಿಲ್ಲ ಎಂದು ತೋರಿಸಿದ್ದರೆ ಸಾಕಿತ್ತು. ಬೇರೆ ಯಾರದೋ ಮೂರ್ತಿಗೆ ಬರೆದದ್ದನ್ನು ನನ್ನ ಹೆಸರು ಹಾಕಿ ಕಳುಹಿಸಿದ್ದು ಮೂರ್ತಿಗೂ ಅವಮಾನ, ವಿಮರ್ಶೆಗೂ ಅವಮಾನ.

ಅಷ್ಟಕ್ಕೂ, ಕಸುಬು ತಿಳಿದ ಕಣ್ಣಿಗೆ ಈ ಮೂರ್ತಿಯಲ್ಲಿ ಮೊದಲು ಕಾಣಬೇಕಾದದ್ದು ಎರಡು ಕತ್ತುಗಳ ನಡುವಿನ ಸಂದು. ಕತ್ತುಗಳು ಬುಡದಲ್ಲಿ ಕೂಡಿಕೊಂಡು, ನಡುವೆ ಅಗಲಿ, ತಲೆಯ ಹಿಂಭಾಗದಲ್ಲಿ ಮತ್ತೆ ಹತ್ತಿರ ಬರುತ್ತವೆ. ಅಚ್ಚಿಗಾಗಿ ಮೂರ್ತಿಯ ಸುತ್ತ ಸುರಿಯುವ, ರಬ್ಬರಿನಂತೆ ಗಟ್ಟಿಯಾಗುವ ಸಿಲಿಕೋನ್ ಅಲ್ಲಿ ಹೋಗಿ ಕೂತು ತೆಳ್ಳಗಿನ ಪೊರೆಯಾಗಿ ನಿಲ್ಲುತ್ತದೆ. ಅಚ್ಚು ಬಿಡಿಸುವಾಗ ಮೊದಲು ಹರಿಯುವುದು ಅದೇ; ಹರಿದ ಜಾಗದಲ್ಲಿ ಮುಂದಿನ ಎರಕದಿಂದ ರೆಸಿನ್, ಅಂದರೆ ಎರಕ ಹೊಯ್ಯುವ ದ್ರವ ಪ್ಲಾಸ್ಟಿಕ್, ತುಂಬಿಕೊಳ್ಳುತ್ತದೆ. ಇಂಥ ಕಡೆ ಒಂದು ತಲೆಯನ್ನು ಬೇರೆಯಾಗಿ ಎರಕ ಹೊಯ್ದು, ಕೊಂಡವರು ಅಂಟಿಸಿಕೊಳ್ಳುವಂತೆ ಬಿಡುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವಂಥದ್ದು. ಆದೇಶ ಪತ್ರದಲ್ಲಿಯೇ ನಾನು "ಅಗತ್ಯವೆನಿಸಿದರೆ ಎಡ ತಲೆಯನ್ನು ಬೇರ್ಪಡಿಸಿ ಕೊಡಲು ಸಿದ್ಧನಿದ್ದೇನೆ, ದಯವಿಟ್ಟು ತಿಳಿಸಿ" ಎಂದು ಬರೆದಿದ್ದೆ. ವಿಮರ್ಶೆಗೆ ಹಣ ಕಟ್ಟಿದ್ದೇ ಈ ಪ್ರಶ್ನೆಗೆ ಉತ್ತರ ಬೇಕೆಂದು. ಉತ್ತರವಾಗಿ ಬಂದದ್ದು ಇಲ್ಲದ ಮೇಲಂಗಿಯ ನೆರಿಗೆಯ ಮಾತು.

ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆ ಎಲ್ಲಿ ಹಾಯಬೇಕೆಂಬುದನ್ನೂ ನೋಡಿದವರೇ ನಿರ್ಧರಿಸಬೇಕು. ರೆಕ್ಕೆಯ ಅಂಚು, ತೋಳಿನ ಹೊರಬದಿ, ಕಾಲಿನ ಪಕ್ಕ, ಹೀಗೆ ಅರ ತಲುಪುವ ಕಡೆ ಅದನ್ನು ಒಯ್ಯಬಹುದಿತ್ತು. ತಮ್ಮವರು ಅದನ್ನು ಬಲದ ತಲೆಯ ಕಣ್ಣಿನ ಮೇಲೆಯೇ ಹಾಯಿಸಿದ್ದಾರೆ. ಗೆರೆಯನ್ನು ಕೆರೆದರೆ ಕಣ್ಣು ಹೋಗುತ್ತದೆ, ಬಿಟ್ಟರೆ ಬಣ್ಣ ಹಚ್ಚಿದ ಕೂಡಲೇ ಗಾಯದ ಕಲೆಯಂತೆ ಎದ್ದು ಕಾಣುತ್ತದೆ.

ಬಂದ 20 ಎರಕಗಳಲ್ಲಿ ಒಂದೂ ಬಳಕೆಗೆ ಬರುವಂತಿಲ್ಲ. ತಾವೇ ಒಂದನ್ನು ಭೂತಗನ್ನಡಿಯಡಿ ಇಟ್ಟು ನೋಡಿ. ಎಡ ಕೊಕ್ಕಿನ ತುದಿ ಇರಬೇಕಾದಲ್ಲಿ ದುಂಡಗಿನ ಒಂದು ಗುಳಿ ಇದೆ, ಸಾಸಿವೆ ಕಾಳನ್ನು ಒತ್ತಿ ತೆಗೆದ ಹಾಗೆ. ಕತ್ತುಗಳ ನಡುವೆ ಬಾತುಕೋಳಿಯ ಪಾದದಲ್ಲಿರುವಂಥ ಜಾಲ ಬೆಳೆದಿದೆ. ಕೊನೆಯ ಎರಕಗಳಿಗೆ ಬರುವಷ್ಟರಲ್ಲಿ ಆ ಸಂದು ಪೂರ್ತಿ ಮುಚ್ಚಿಹೋಗಿ, ಎರಡು ಕತ್ತುಗಳು ಒಂದೇ ದಪ್ಪ ಕಂಬವಾಗಿವೆ. ಗಂಡಭೇರುಂಡದ ಜೀವವಿರುವುದೇ ಆ ಎರಡು ತಲೆಗಳ ನಡುವಿನ ಬಯಲಿನಲ್ಲಿ. ಅದಿಲ್ಲದಿದ್ದರೆ ಮೇಜಿನ ಆಚೆ ಬದಿಯಲ್ಲಿ ಕುಳಿತ ಆಟಗಾರನಿಗೆ ಇದು ಯಾವ ಪ್ರಾಣಿ ಎಂದೇ ತಿಳಿಯುವುದಿಲ್ಲ. ಇಷ್ಟು ಚಿಕ್ಕ ಮೂರ್ತಿಯನ್ನು ದೂರದಿಂದ ಗುರುತಿಸುವುದು ಹೊರ ಆಕಾರದಿಂದಲೇ ಹೊರತು ಒಳಗಿನ ಕುಸುರಿಯಿಂದಲ್ಲ. ಕುಸುರಿಗೂ ಅದರದೇ ಕೆಲಸವಿದೆ: ತೆಳುವಾದ ಬಣ್ಣ ಗರಿಗಳ ಸಂದಿಗೆ ಇಳಿದು ನೆರಳಾಗಬೇಕು, ಒಣ ಕುಂಚ ಉಜ್ಜಿದಾಗ ಏರಿದ ಅಂಚು ಬೆಳಕನ್ನು ಹಿಡಿಯಬೇಕು. ನಮ್ಮಲ್ಲಿ ಒಟ್ಟಿಗೆ ಆಡುವವರ ಪೈಕಿ ಬಣ್ಣ ಹಚ್ಚುವುದರಲ್ಲಿ ಪಳಗಿದ ಗೆಳೆಯರೊಬ್ಬರು ಒಂದು ಎರಕವನ್ನು ತೆಗೆದುಕೊಂಡು ಹೋಗಿ, ಬಣ್ಣ ಹಚ್ಚದೆಯೇ ವಾಪಸು ತಂದುಕೊಟ್ಟರು. ಗರಿಯ ಸಾಲುಗಳು ಮಸುಕಾಗಿ ಕುಂಚಕ್ಕೆ ಏನೂ ಸಿಗುವುದಿಲ್ಲ ಎಂದರು.

ಇದಕ್ಕೆಲ್ಲ ತಮ್ಮ ಗ್ರಾಹಕ ಸೇವೆಯವರು ದೂರವಾಣಿಯಲ್ಲಿ ಕೊಟ್ಟ ಸಮಜಾಯಿಷಿ ಹೀಗಿದೆ: "ನಿಮ್ಮದು ಮಲೆನಾಡು, ಮಳೆಗಾಲ, ಮೂರ್ತಿ ತೇವ ಹೀರಿಕೊಂಡಿದೆ, ಅದಕ್ಕೇ ಗುಳ್ಳೆ ಎದ್ದಿದೆ." ಈ ಮಾತನ್ನು ನಾನು ಒಪ್ಪುವುದಿಲ್ಲ. ಬೆಲ್ಲ ನೀರೊಡೆಯುವ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸಲು ಬರುವ ಊರಿನವರಿಗೆ ತೇವ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತು. ಗಟ್ಟಿಯಾದ ಎಪಾಕ್ಸಿ ಪುಟ್ಟಿ ಮಳೆಗಾಲದ ಗಾಳಿಗೆ ಕೆಡುವ ವಸ್ತುವಲ್ಲ. ತೇವಕ್ಕೆ ಹೆದರಬೇಕಾದದ್ದು ತಮ್ಮ ಕಾರ್ಯಾಗಾರದ ಡಬ್ಬಿಯಲ್ಲಿರುವ ದ್ರವರೂಪದ ಪಾಲಿಯುರೆಥೇನ್ ರೆಸಿನ್. ಅದರ ಎರಡು ಭಾಗಗಳಲ್ಲಿ ಒಂದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ನೀರಿನ ಅಂಶ ಸಿಕ್ಕಿದರೆ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಎರಕ ನೊರೆಗಟ್ಟುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರುವಂತೆ ನೋಡಿಕೊಳ್ಳುವುದು ಎರಕದವರ ಹೊಣೆ. ಇನ್ನೊಂದು ಮಾತು: ತೇವದಿಂದ ಬರುವ ಗುಳ್ಳೆ ಮೈತುಂಬ ಬರುತ್ತದೆ. ನಾನು ಒಂದು ಎರಕವನ್ನು ನಡುವೆ ಕೊಯ್ದು ನೋಡಿದ್ದೇನೆ. ಒಳಗೆ ಗುಳ್ಳೆಯೇ ಇಲ್ಲ. ಗುಳಿ ಇರುವುದು ಕೊಕ್ಕಿನ ತುದಿಯಲ್ಲಿ, ರೆಕ್ಕೆಯ ತುದಿಯಲ್ಲಿ, ಎತ್ತಿದ ಕೈಯ ಬೆರಳಿನಲ್ಲಿ. ಅಚ್ಚಿನೊಳಗಿನ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಸಿಕ್ಕಿಕೊಳ್ಳುವ ಜಾಗಗಳೇ ಇವು. ತುದಿಗಳಿಂದ ಗಾಳಿ ಹೋಗಲು ಕೊಳವೆ ಬಿಡಬೇಕಿತ್ತು, ಇಲ್ಲವೇ ಎರಕ ಗಟ್ಟಿಯಾಗುವವರೆಗೆ ಒತ್ತಡದ ಪಾತ್ರೆಯಲ್ಲಿ ಇಡಬೇಕಿತ್ತು. ಎರಡನ್ನೂ ಮಾಡಿಲ್ಲವೆಂದು ಎರಕವೇ ಹೇಳುತ್ತದೆ.

ಮೂಲ ಮೂರ್ತಿಯ ಬಲ ಕೊಕ್ಕು ಮುರಿದದ್ದಕ್ಕೆ ಕೊರಿಯರ್‌ನವರನ್ನು ದೂರಲಾಗಿದೆ. ಮುರಿದ ಬುಡವನ್ನು ದೀಪದ ಕೆಳಗೆ ಹಿಡಿದರೆ ನೀಲಿ ಸಿಲಿಕೋನ್‌ನ ಚೂರೊಂದು ಬಿರುಕಿನೊಳಗೆ ಕಚ್ಚಿಕೊಂಡಿರುವುದು ಕಾಣುತ್ತದೆ. ಕೊಕ್ಕು ಮುರಿದದ್ದು ಅಚ್ಚಿನೊಳಗೆ, ಬಿಡಿಸುವಾಗ. ಬಿಳಿ ಲೋಹದ (ತವರದ ಮಿಶ್ರಲೋಹದ) ಎರಕಕ್ಕೆ ರಬ್ಬರ್ ಅಚ್ಚನ್ನು ಶಾಖ ಮತ್ತು ಒತ್ತಡದಲ್ಲಿ ಬೇಯಿಸುವಾಗ ಮೂಲ ಮೂರ್ತಿ ಒಡೆಯುವ ಅಪಾಯವಿದೆ, ಅದನ್ನು ಬಲ್ಲೆ. ಅದನ್ನು ತಪ್ಪಿಸಲೆಂದೇ ಹೆಚ್ಚು ಹಣ ಕೊಟ್ಟು, ಶಾಖ ಬೇಡದ ಸಿಲಿಕೋನ್ ಅಚ್ಚನ್ನು ಕೇಳಿದ್ದೆ. ಲೋಹದ ಕೆಲಸದಲ್ಲಿ ಸಲ್ಲುವ ನೆಪ ಇಲ್ಲಿ ಸಲ್ಲುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ತಿಳಿಸುತ್ತಿದ್ದೇನೆ. ವಿಮರ್ಶೆಗೆ ಪಡೆದ ಹಣವನ್ನು ಪೂರ್ತಿ ಹಿಂದಿರುಗಿಸಬೇಕು. ಅದು ಮಾಡದ ಕೆಲಸಕ್ಕೆ ಪಡೆದ ಹಣ. ಅಚ್ಚು ಮತ್ತು ಎರಕದ ಹಣವನ್ನೂ ಹಿಂದಿರುಗಿಸಬೇಕು, ಅಥವಾ ನಾನು ಮೂರ್ತಿಯನ್ನು ಸರಿಪಡಿಸಿ, ಎಡ ತಲೆಯನ್ನು ಬೇರ್ಪಡಿಸಿ ಕಳುಹಿಸಿದ ಮೇಲೆ ತಮ್ಮ ಖರ್ಚಿನಲ್ಲಿ ಹೊಸ ಅಚ್ಚು ತೆಗೆದು ಎರಕ ಹೊಯ್ದು ಕೊಡಬೇಕು. ಎರಡನೆಯದನ್ನು ಒಪ್ಪುವುದಾದರೆ, ಗೆರೆ ಎಲ್ಲಿ ಹಾಯುತ್ತದೆ, ಗಾಳಿಯ ಕೊಳವೆ ಎಲ್ಲಿ ಬರುತ್ತದೆ ಎಂದು ಮೊದಲೇ ಚಿತ್ರ ಬರೆದು ತೋರಿಸಿ ನನ್ನ ಒಪ್ಪಿಗೆ ಪಡೆಯಬೇಕು. ಮುರಿದ ಕೊಕ್ಕಿನ ಚೂರು ತಮ್ಮಲ್ಲಿಯೇ ಇದ್ದರೆ, ಎಷ್ಟೇ ಚಿಕ್ಕದಾಗಿರಲಿ, ಕಳುಹಿಸಿಕೊಡಿ. ಹೊಸದಾಗಿ ಕಟ್ಟುವಾಗ ಅದರ ಬಾಗು ನನಗೆ ಬೇಕು.

ಹಳೆಯ ಅಚ್ಚನ್ನೂ ನನಗೇ ಕಳುಹಿಸಬೇಕು. ಅದು ಹಾಳಾದ ಅಚ್ಚೇ ಇರಬಹುದು, ಆದರೆ ಅದರೊಳಗಿರುವುದು ನನ್ನ ಮೂರ್ತಿಯ ರೂಪ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಶಿಲ್ಪವೂ ಕಲಾಕೃತಿಯೇ. ನನ್ನ ಒಪ್ಪಿಗೆಯಿಲ್ಲದೆ ಅದರಿಂದ ಒಂದು ಎರಕವೂ ಹೊರಗೆ ಹೋಗಬಾರದು, ಮಾದರಿ ಎಂದು ತಮ್ಮ ಅಂಗಡಿಯ ಕಪಾಟಿನಲ್ಲಿಯೂ ಇಡಬಾರದು. ಮುಚ್ಚಿಹೋದ ಕತ್ತಿನ ಆ ಮೂರ್ತಿ ನನ್ನ ಕೆಲಸವೆಂದು ಯಾರೂ ತಿಳಿಯುವುದು ನನಗೆ ಬೇಡ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಇದಕ್ಕಾಗಿ ನಾನು ಬೆಂಗಳೂರಿಗೆ ಬರಬೇಕಿಲ್ಲ.

ಉತ್ತರದ ಜೊತೆಗೆ ಹೊಸ ವಿಮರ್ಶೆಯೊಂದನ್ನು ಕಳುಹಿಸುವ ಮನಸ್ಸು ತಮಗಿದ್ದರೆ, ಅದನ್ನು ಬರೆದವರ ಸಹಿ ಅದರಲ್ಲಿರಲಿ. ಮೂರ್ತಿಯ ಯಾವ ಭಾಗದ ಬಗ್ಗೆ ಹೇಳುತ್ತಿದ್ದಾರೆ ಎಂಬುದಕ್ಕೆ ಛಾಯಾಚಿತ್ರದ ಮೇಲೆ ಗುರುತು ಹಾಕಿರಲಿ. ಎಷ್ಟು ಕಟುವಾಗಿದ್ದರೂ ಅದನ್ನು ಓದುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಸಾಗರ

ಲಗತ್ತು: ಆದೇಶ ಪತ್ರ ಮತ್ತು ಹಣ ಪಾವತಿಯ ರಸೀದಿಗಳ ಪ್ರತಿ, ತಮ್ಮ ವಿಮರ್ಶೆಯ ಪ್ರತಿ, ಕಳುಹಿಸುವ ಮೊದಲು ತೆಗೆದ ಮೂಲ ಮೂರ್ತಿಯ ಛಾಯಾಚಿತ್ರಗಳು, ಮುರಿದ ಕೊಕ್ಕು, ಕಿತ್ತ ರೆಕ್ಕೆ ಮತ್ತು ಕೊಯ್ದ ಎರಕದ ಹತ್ತಿರದ ಛಾಯಾಚಿತ್ರಗಳು, ಎರಕದ ಒಂದು ಮಾದರಿ.