ಹಾರ್ಮೋನಿಯಂ ಹುಡುಗಿಯ ಎಂಟು ಹಾಡು

ಡಬ್ಲಿನ್

ಅವ್ವ, ಅಪ್ಪ, ಇಬ್ಬರಿಗೂ ನಮಸ್ಕಾರ. ತಮ್ಮನಿಗೆ ಆಶೀರ್ವಾದ.

ನಾನಿಲ್ಲಿ ಆರಾಮ ಇದ್ದೇನೆ. ಡ್ಯೂಟಿ, ಅಡುಗೆ, ನಿದ್ದೆ ಎಲ್ಲ ಎಂದಿನ ಹಾಗೇ ನಡೆದಿದೆ. ಫೋನಿನಲ್ಲಿ ಅರ್ಧ ಮಾತು ಹಾಗೇ ಉಳಿದುಬಿಡುತ್ತವೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನನ್ನ ಗೆಳತಿ, ನಮ್ಮ ಹಾರ್ಮೋನಿಯಂ ಹುಡುಗಿಯ ಮೊದಲ ಆಲ್ಬಂ ಬಂದಿದೆ! ಅಪ್ಪ ಇಟ್ಟ ಹೆಸರನ್ನೇ ಬರೆಯುತ್ತೇನೆ, ನಮ್ಮ ಮನೆಯಲ್ಲಿ ಅವಳನ್ನು ಬೇರೆ ಹೆಸರಿನಿಂದ ಕರೆದವರು ಯಾರಿದ್ದಾರೆ? ಎಂಟು ಹಾಡು. ಎಂಟನ್ನೂ ಅವಳೇ ಬರೆದು, ಅವಳೇ ಧಾಟಿ ಕಟ್ಟಿ, ಅವಳೇ ಹಾಡಿದ್ದಾಳೆ.

ನಮ್ಮ ಕಲಬುರಗಿಯಲ್ಲಿ ಹಾಡುವವರಿಗೇನು ಕಡಿಮೆ ಅಂತ ಅವ್ವ ಕೇಳಬಹುದು. ನಿಜ. ಏಕತಾರಿ, ದಮ್ಮಡಿ ಹಿಡಿದು ಬೆಳತನಕ ತತ್ವಪದ ಹಾಡುವವರಿದ್ದಾರೆ. ಮೊಹರಂ ಬಂದರೆ ಊರೂರಲ್ಲಿ ರಿವಾಯತ್ ಪದ ಕೇಳುತ್ತವೆ. ಮದುವೆಗೆ ಆರ್ಕೆಸ್ಟ್ರಾದವರಿದ್ದಾರೆ. ಆದರೆ ಜಾಸ್ತಿ ಜನ ಹಾಡುವುದು ಬೇರೆಯವರು ಕಟ್ಟಿದ್ದನ್ನು. ಈಗಿನ ನಮ್ಮ ಊರನ್ನು, ಸೂಪರ್ ಮಾರ್ಕೆಟ್ಟಿನ ಗದ್ದಲವನ್ನು, ಅತಿಥಿ ಶಿಕ್ಷಕಿಯ ತಡವಾದ ಸಂಬಳವನ್ನು ಹೊಸದಾಗಿ ಹಾಡಿಗೆ ತರುವುದು ಬೇರೆಯೇ ಕೆಲಸ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರು ತಮ್ಮ ಕಾಲದಲ್ಲಿ ಮಾಡಿದ್ದೂ ಅದೇ ಅಲ್ವಾ? ಕಂಡದ್ದನ್ನು ಈ ಕಡೆಯ ಮಾತಿನಲ್ಲೇ ಕಟ್ಟಿದರು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಂಥವರೂ ಇದ್ದರು, ಅವರೂ ಪದ ಕಟ್ಟಿದರು. ನಮ್ಮ ಹುಡುಗಿ ಆ ಪದಗಳನ್ನು ಕೇಳುತ್ತಲೇ ಬೆಳೆದವಳು. ಹಾಗಂತ ಅವರ ಧಾಟಿಯನ್ನು ಎತ್ತಿಕೊಂಡಿಲ್ಲ. ಧೈರ್ಯವನ್ನು ಮಾತ್ರ ತಗೊಂಡಿದ್ದಾಳೆ ಅಂತ ನನಗೆ ಅನ್ನಿಸಿತು.

ಮೂರನೇ ಹಾಡು ತೊಗರಿಯದು. ಅಪ್ಪ, ಇದನ್ನು ನೀವು ಕೇಳಲೇಬೇಕು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ ಬೆಳೆ ಅನ್ನುವ ಅಧಿಕೃತ ಗುರುತು ಸಿಕ್ಕಾಗ ಎಲ್ಲರೂ ಖುಷಿಪಟ್ಟೆವು. ಇವಳು ಹಾಡಿರುವುದು ನೆಟೆ ರೋಗದ ಬಗ್ಗೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡುತ್ತದಲ್ಲ, ಅದು. ರೋಗ ಮಣ್ಣಿನಲ್ಲೇ ಇರುತ್ತದೆ, ಬೇರಿನಿಂದ ಏರುತ್ತದೆ, ಕಣ್ಣಿಗೆ ಕಾಣುವಷ್ಟರಲ್ಲಿ ಕೈ ಮೀರಿರುತ್ತದೆ. ಹಾಡಿನಲ್ಲಿ ಒಬ್ಬಳು ಹೊಲದ ಬದುವಿನ ಮೇಲೆ ನಡೆಯುತ್ತಾ ಒಣಗಿದ ಸಾಲು ಎಣಿಸುತ್ತಾಳೆ. ಅಷ್ಟೇ. ಅಳು ಇಲ್ಲ, ಯಾರನ್ನೂ ಬೈಯುವುದಿಲ್ಲ. ಹಿಂದೆ ದಮ್ಮಡಿ ಒಂದೇ, ಅವಳ ಹೆಜ್ಜೆಗೆ ಸರಿಯಾಗಿ. ಎಣಿಕೆ ಮುಂದುವರಿದ ಹಾಗೆ ದಮ್ಮಡಿ ನಿಧಾನ ಆಗುತ್ತದೆ. ಕೊನೆಗೆ ಎಣಿಸುವುದನ್ನೇ ಬಿಟ್ಟು ಮಗಳ ಫೀಸಿನ ಲೆಕ್ಕ ಹಾಕಲು ಶುರು ಮಾಡುತ್ತಾಳೆ. ನಮ್ಮ ಹೊಲಕ್ಕೆ ನೆಟೆ ಬಿದ್ದ ವರ್ಷ ನೀವು ಎರಡು ಹೊತ್ತು ಊಟ ಬಿಟ್ಟು ಕಟ್ಟೆ ಮೇಲೆ ಕೂತಿದ್ದಿರಿ. ಯಾರ ಹತ್ತಿರವೂ ಮಾತಾಡಿರಲಿಲ್ಲ. ಬಸ್ಸಿನಲ್ಲಿ ಇದನ್ನು ಕೇಳುತ್ತಾ ನನಗೆ ನಿಮ್ಮದೇ ನೆನಪು.

ಐದನೆಯದು ಗುಳೆ ಹೋಗುವವರದು. ಉದ್ಯಾನ್ ಎಕ್ಸ್‌ಪ್ರೆಸ್ಸಿಗಾಗಿ ಸ್ಟೇಷನ್ನಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತ ಒಂದು ಮನೆತನ. ಗಾಡಿ ಒಂದು ಕಡೆ ಮುಂಬೈಗೆ, ಇನ್ನೊಂದು ಕಡೆ ಬೆಂಗಳೂರಿಗೆ. ಅಣ್ಣ ಆ ಕಡೆ, ತಮ್ಮ ಈ ಕಡೆ. ಧಾಟಿ ಬಹಳ ಸರಳ, ಒಂದು ಸಲ ಕೇಳಿದರೆ ಬಾಯಿಗೆ ಬಂದುಬಿಡುತ್ತದೆ. ಆರನೇ ಹಾಡು ನನಗೆ ಹಿಡಿಸಲಿಲ್ಲ. ಕೀಬೋರ್ಡ್ ಜಾಸ್ತಿಯಾಗಿ ಅವಳ ದನಿಯೇ ಮುಚ್ಚಿಹೋಗಿದೆ. ಅವಳಿಗೂ ಹೇಳಿದೆ. ಬರೀ ಹೊಗಳುವುದಕ್ಕೆ ಗೆಳತಿ ಯಾಕೆ ಬೇಕು?

ಅವ್ವ, ಹೋದ ಬೇಸಿಗೆಯಲ್ಲಿ ಅವಳು ಬಂದು ನಿನ್ನ ಹತ್ತಿರ ಕೌದಿ ಕೇಳಿದ್ದಳಲ್ಲ, ಯಾತಕ್ಕೆ ಗೊತ್ತಾ? ಈ ರೆಕಾರ್ಡಿಂಗಿಗೆ! ಅವರ ಮನೆಯಲ್ಲಿ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಕಾಲಿಗೆ ತಂಪು, ಆದರೆ ಹಾಡಿದರೆ ದನಿ ಕಲ್ಲಿಗೆ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಮೈಕು ಅದನ್ನೂ ಹಿಡಿದುಬಿಡುತ್ತದೆ. ಅದಕ್ಕೇ ನೆಲಕ್ಕೆ ಜಮಖಾನೆ ಹಾಸಿ, ಗೋಡೆಗೆ ನಮ್ಮ ಆಯಿ ಹೊಲಿದ ಕೌದಿಗಳನ್ನು ಇಳಿಬಿಟ್ಟಿದ್ದಾಳೆ. ದಪ್ಪ ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ. ಇನ್ನು ಫ್ಯಾನ್ ಹಾಕುವ ಹಾಗಿಲ್ಲ, ಅದರ ಸದ್ದೂ ಬರುತ್ತದೆ. ನಮ್ಮ ಮೇ ತಿಂಗಳಲ್ಲಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ! ಹಗಲು ಶಾಲೆ, ಆಟೋ ಹಾರ್ನ್ ನಿಂತ ಮೇಲೆ ರಾತ್ರಿ ಹಾಡು. ಕರೆಂಟ್ ಹೋದರೆ ಮತ್ತೆ ಮೊದಲಿಂದ. ಯಾರೂ ಅವಳಿಗೆ ಹೀಗೆ ಮಾಡು ಅಂತ ಹೇಳಿಕೊಟ್ಟಿರಲಿಲ್ಲ. ನನಗೆ ಅವಳ ಮೇಲೆ ಎಷ್ಟು ಅಭಿಮಾನ ಅಂತ ಇಲ್ಲಿ ಬರೆದು ಮುಗಿಯುವುದಿಲ್ಲ.

ಹಾಡಿನಿಂದ ಹೊಟ್ಟೆ ತುಂಬುತ್ತಾ ಅಂತ ಅಪ್ಪ ಕೇಳುತ್ತೀರಿ, ಗೊತ್ತು. ಸದ್ಯಕ್ಕೆ ತುಂಬುವುದಿಲ್ಲ. ಮೊಬೈಲಿನಲ್ಲಿ ಒಂದು ಸಲ ಕೇಳಿದರೆ ಹಾಡಿದವರಿಗೆ ಬರುವುದು ಪೈಸೆ ಲೆಕ್ಕದಲ್ಲಿ. ಇಲ್ಲಿ ಗ್ರಾಫ್ಟನ್ ಬೀದಿಯಲ್ಲಿ ಹುಡುಗ ಹುಡುಗಿಯರು ಗಿಟಾರ್ ಹಿಡಿದು ಹಾಡುತ್ತಾರೆ, ಜನ ನಿಂತು ಕೇಳಿ ದುಡ್ಡು ಹಾಕಿ ಹೋಗುತ್ತಾರೆ. ಅದನ್ನು ಯಾರೂ ಕೀಳು ಅಂದುಕೊಳ್ಳುವುದಿಲ್ಲ. 2022ರಲ್ಲಿ ಇಲ್ಲಿನ ಸರ್ಕಾರ 2,000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡುವ ಯೋಜನೆಯನ್ನೇ ಶುರು ಮಾಡಿತು. ಕಲೆಯೂ ದುಡಿಮೆ ಅಂತ ಒಪ್ಪಿದ ಹಾಗಾಯಿತಲ್ಲ.

ತಮ್ಮಾ, ಈಗ ನಿನ್ನ ಕೆಲಸ. ಯಾರೋ ಒಬ್ಬರು ಅವಳಿಗೆ ಒಂದಿಷ್ಟು ದುಡ್ಡು ಕೊಡುತ್ತೇವೆ, ಎಂಟೂ ಹಾಡಿನ ಹಕ್ಕು ಬರೆದುಕೊಡು ಅಂದಿದ್ದಾರಂತೆ. ಅವಸರದಲ್ಲಿ ಸಹಿ ಮಾಡಬೇಡ ಅಂದಿದ್ದೇನೆ. ನೀನು ಕಾನೂನು ಓದುತ್ತಿದ್ದೀಯ, ಕಾಗದ ತರಿಸಿ ಪೂರ್ತಿ ಓದು. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ, ಹಕ್ಕು ಬರೆದುಕೊಟ್ಟರೂ ಹಾಡು ಬರೆದವರಿಗೆ, ಸಂಗೀತ ಕಟ್ಟಿದವರಿಗೆ ರಾಯಧನದಲ್ಲಿ ಸಮಪಾಲು ಕೇಳುವ ಹಕ್ಕು ಇದ್ದೇ ಇರುತ್ತದೆ. ಇವಳು ಎರಡನ್ನೂ ಮಾಡಿದವಳು. ಹಾಡು ಬರೆದವರ, ಸಂಗೀತ ಕಟ್ಟಿದವರ ರಾಯಧನ ವಸೂಲಿ ಮಾಡಿಕೊಡುವ ಸಂಸ್ಥೆ ಐಪಿಆರ್‌ಎಸ್‌ಗೆ ಸದಸ್ಯಳಾಗುವ ಅರ್ಜಿಯನ್ನೂ ಜೊತೆಗೆ ಕೂತು ತುಂಬಿಸಿಕೊಡು.

ಮುಂದಿನ ತಿಂಗಳು ಪಂಡಿತ ರಂಗಮಂದಿರದಲ್ಲಿ ಹಾಡುತ್ತಾಳಂತೆ. ಮೂವರೂ ಹೋಗಿ. ಅದಕ್ಕೂ ಮೊದಲು ಆಲ್ಬಂ ಅನ್ನು ತಮ್ಮನ ಸ್ಪೀಕರಿನಲ್ಲಿ ಒಂದರಿಂದ ಎಂಟರವರೆಗೆ ಸಾಲಾಗಿ ಕೇಳಿ, ಮಧ್ಯೆ ಟಿವಿ ಹಾಕಬೇಡಿ.

ಅವ್ವ, ನಿನಗೆ ಇನ್ನೊಂದು ಮಾತು. ಅವಳ ತಾಯಿಗೆ ಇದೆಲ್ಲ ಮದುವೆ ಮುಂದಕ್ಕೆ ಹಾಕುವ ನೆಪ ಅನ್ನಿಸಿದೆ. ಮನೆಯಲ್ಲಿ ಯಾರೂ ಇನ್ನೂ ಹಾಡು ಪೂರ್ತಿ ಕೇಳಿಲ್ಲವಂತೆ. ನಾನು ಫೋನ್ ಮಾಡಿ ಹೇಳಿದರೆ ದೂರದವಳ ಮಾತಾಗುತ್ತದೆ. ನೀನು ಹೋಗು. ನಿನ್ನ ಮಾತಿಗೆ ಅವರು ಬೆಲೆ ಕೊಡುತ್ತಾರೆ. ಸಂಜೆ ಚಹಾ ಹೊತ್ತಿಗೆ ಹೋಗಿ, ಜೊತೆಗೆ ಕೂತು ಆ ತೊಗರಿ ಹಾಡು ಹಚ್ಚು. ಅವರದೂ ತೊಗರಿ ಹೊಲವೇ.

ಅಪ್ಪ ಬಿಪಿ ಗುಳಿಗೆ ತಪ್ಪಿಸಬಾರದು. ಹೋಗಿ ಬಂದ ಮೇಲೆ ಏನಾಯಿತು ಅಂತ ತಮ್ಮನ ಕೈಲಿ ಬರೆಸಿ ಕಳಿಸು.

ಇಂತಿ ನಿಮ್ಮ ಮಗಳು