ಮಂಚದ ಕೆಳಗಿನ ಶೂ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

"ಅಪ್ಪಾ, ಪುಸ್ತಕ ತೆಗೆದು ಕೂತರೆ ಕೈ ತಾನಾಗೇ ಮೊಬೈಲಿಗೆ ಹೋಗುತ್ತೆ, ಮನಸ್ಸು ನನ್ನ ಹಿಡಿತದಲ್ಲೇ ಇಲ್ಲ" ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆ ಮಾತು ಅಂದಿನಿಂದ ನನ್ನನ್ನು ಕೊರೆಯುತ್ತಿದೆ. ನಿನ್ನನ್ನು ನೀನೇ ಸೋಮಾರಿಯೆಂದು ಹಳಿದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಒಂದು ಹಾಳೆಯ ಮೇಲೆ ಹಸಿರು ಶಾಯಿಯಲ್ಲಿ 'ಕೆಂಪು' ಎಂದು ಬರೆದು, ಅಕ್ಷರವನ್ನು ಬಿಟ್ಟು ಶಾಯಿಯ ಬಣ್ಣವನ್ನಷ್ಟೇ ಥಟ್ಟನೆ ಹೇಳಲು ನೋಡು. ನಾಲಿಗೆಯ ತುದಿಗೆ ಮೊದಲು ಬರುವುದು 'ಕೆಂಪು'. ಅದನ್ನು ನುಂಗಿಕೊಂಡು 'ಹಸಿರು' ಎನ್ನುವಷ್ಟರಲ್ಲಿ ಅರೆಕ್ಷಣ ತಡವಾಗುತ್ತದೆ. 1935ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗದಿಂದ ಬಂದ ಪರೀಕ್ಷೆಯಿದು. ಹೀಗೆ ತಡೆದು ನಿಲ್ಲಿಸುವ ಕೆಲಸದಲ್ಲಿ ಹಣೆಯ ಹಿಂದಿರುವ ಮಿದುಳಿನ ಮುಂಭಾಗಕ್ಕೆ ದೊಡ್ಡ ಪಾಲಿದೆ, ಮೊಬೈಲಿನತ್ತ ಚಾಚುವ ಕೈಯನ್ನು ತಡೆಯುವಾಗಲೂ ಅಷ್ಟೇ. ಆ ಭಾಗ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಹತ್ತೊಂಬತ್ತರ ನಿನಗೆ ಅದಿನ್ನೂ ಮಾಗುತ್ತಿದೆ. ಚುರುಕಾಗಿ ನಡೆದು ಅಥವಾ ಸೈಕಲ್ ತುಳಿದು ಬಂದ ಕೆಲಹೊತ್ತು ಇಂಥ ಪರೀಕ್ಷೆಗಳಲ್ಲಿ ಉತ್ತರ ತುಸು ಬೇಗ ಬರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ನನ್ನನ್ನು ಹೆಚ್ಚು ಸೆಳೆದದ್ದು ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಮೇಗನ್ ಓಟನ್ ಮತ್ತು ಕೆನ್ ಚೆಂಗ್ 2006ರಲ್ಲಿ ಪ್ರಕಟಿಸಿದ ಅಧ್ಯಯನ. ವ್ಯಾಯಾಮದ ರೂಢಿಯೇ ಇಲ್ಲದ 24 ಜನರು ಎರಡು ತಿಂಗಳು ನಿಯಮಿತವಾಗಿ ವ್ಯಾಯಾಮ ಮಾಡಿದಾಗ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಅವರ ಸಂಯಮ ಹೆಚ್ಚಿತಷ್ಟೇ ಅಲ್ಲ, ವ್ಯಾಯಾಮಕ್ಕೆ ನೇರ ಸಂಬಂಧವೇ ಇಲ್ಲದ ಕಡೆಗಳಲ್ಲೂ ಬದುಕು ಹದಕ್ಕೆ ಬಂತು: ಸಿಗರೇಟು, ಮದ್ಯ, ಕಾಫಿ ಕಡಿಮೆಯಾದವು, ಖರ್ಚಿನ ಮೇಲೆ ನಿಗಾ ಬಂತು, ಓದಿನ ಅಭ್ಯಾಸ ಸುಧಾರಿಸಿತು. ಇಪ್ಪತ್ತನಾಲ್ಕು ಸಣ್ಣ ಸಂಖ್ಯೆಯೇ. ಇದೊಂದನ್ನೇ ನಂಬಿ ಪವಾಡ ನಿರೀಕ್ಷಿಸಬೇಡ. ಆದರೂ, ಮನಸ್ಸನ್ನು ಗದರಿಸಿ ಸೋತವರಿಗೆ ಕಾಲಿನಿಂದ ಶುರುಮಾಡುವ ದಾರಿಯೊಂದಿದೆ ಎಂಬುದು ನನಗೆ ಬಹಳ ಸಮಾಧಾನ ತಂದಿತು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ. ನೀನು ಇಪ್ಪತ್ತು ನಿಮಿಷದಿಂದ ಆರಂಭಿಸಿದರೆ ಸಾಕು. ಹಬ್ಬಕ್ಕೆ ಕೊಡಿಸಿದ ಶೂ ನಿನ್ನ ಹಾಸ್ಟೆಲಿನ ಮಂಚದ ಕೆಳಗೆ ಡಬ್ಬಿಯಲ್ಲೇ ಇದೆಯೆಂದು ಅಮ್ಮ ಹೇಳಿದಳು. ನಾಳೆ ಸಂಜೆ ಐದೂವರೆಗೆ ನಾನು ಇಲ್ಲಿ ಕೆರೆ ಏರಿಯ ಮೇಲೆ ನಡೆಯುತ್ತಿರುತ್ತೇನೆ. ಅದೇ ಹೊತ್ತಿಗೆ ನೀನು ಹಾಸ್ಟೆಲಿನ ಹಿಂದಿನ ಮೈದಾನಕ್ಕೆ ಇಳಿ. ಎರಡು ಸುತ್ತು ಮುಗಿದ ಮೇಲೆ ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ
ಅಪ್ಪ