ಬಾದಾಮಿಯ ಕಲ್ಲು ಬೇರೆ, ಹಳೇಬೀಡಿನ ಕಲ್ಲು ಬೇರೆ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಪತ್ರಿಕೆಗಳಲ್ಲಿ ಬಾದಾಮಿ, ಹಳೇಬೀಡಿನ ಲೇಖನಗಳು ಸಾಲಾಗಿ ಬರುತ್ತವೆ. ಯಾವ ರಾಜವಂಶ, ಯಾವ ಶೈಲಿ, ಯಾವ ದೇವರು, ಎಲ್ಲಾ ಇರುತ್ತದೆ. ಕಲ್ಲು ಯಾವುದು ಅಂತ ಬರೆಯುವವರು ಮಾತ್ರ ಕಮ್ಮಿ. ಈ ಎರಡು ಊರಿನ ಶಿಲ್ಪ ಇಷ್ಟು ಬೇರೆಯಾಗಿ ಕಾಣುವುದಕ್ಕೆ ಕಲ್ಲೂ ಒಂದು ದೊಡ್ಡ ಕಾರಣ ಅಲ್ವಾ?

ಬಾದಾಮಿಯದು ಮರಳುಗಲ್ಲು, ಅಂದರೆ ಪದರಶಿಲೆ. ಕೋಟ್ಯಂತರ ವರ್ಷಗಳ ಹಿಂದೆ ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿಕೊಂಡು, ಕಣಗಳ ನಡುವೆ ಸೇರಿದ ಖನಿಜಗಳೇ ಅಂಟಾಗಿ ಗಟ್ಟಿಯಾದದ್ದು. ಆ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಕ್ರಿ.ಶ. 578ರ ಮೂರನೇ ಗುಹಾಲಯ ನೋಡಲು ಹೋದಾಗ ಬಂಡೆಯ ಗೋಡೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಪದರಗಳು ಎಲ್ಲಾ ಕಡೆ ಮಟ್ಟಸವಾಗಿಲ್ಲ, ಅಲ್ಲಲ್ಲಿ ಓರೆಯಾಗಿವೆ. ಹರಿವು ಮರಳನ್ನು ಒಂದೇ ದಿಕ್ಕಿಗೆ ತಳ್ಳಿದಾಗ ಹೀಗಾಗುತ್ತದೆ. ಆಗ ನೀರು ಯಾವ ಕಡೆ ಹರಿಯುತ್ತಿತ್ತು ಅಂತ ಈ ಓರೆ ಗೆರೆ ನೋಡಿ ಭೂವಿಜ್ಞಾನಿಗಳು ಹೇಳುತ್ತಾರೆ.

ಹಳೇಬೀಡಿನದು ಬಳಪದ ಕಲ್ಲು, ರೂಪಾಂತರ ಶಿಲೆ. ಮೊದಲಿದ್ದ ಕಲ್ಲು ಭೂಮಿಯೊಳಗೆ ಆಳಕ್ಕೆ ಹೋಗಿ, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಕರಗದೆಯೇ ಒಳಗಿನ ಖನಿಜಗಳನ್ನು ಬದಲಾಯಿಸಿಕೊಂಡಿದೆ. ಹಾಗೆ ಹುಟ್ಟಿದ ಕ್ಲೋರೈಟ್, ಟಾಲ್ಕ್ ಎರಡೂ ಮೆತ್ತನೆಯ ಖನಿಜಗಳು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಅಳತೆಯಲ್ಲಿ ಟಾಲ್ಕ್‌ಗೆ 1, ಮರಳುಗಲ್ಲಿನ ಕ್ವಾರ್ಟ್ಜ್ ಕಣಕ್ಕೆ 7. ಕ್ವಾರ್ಟ್ಜ್ ಅಷ್ಟು ಗಟ್ಟಿ, ಆದರೂ ಮರಳುಗಲ್ಲಿನಲ್ಲಿ ತೀರಾ ಸಣ್ಣ ಕೆತ್ತನೆ ಕಷ್ಟ, ಯಾಕೆಂದರೆ ಕಣ ಕಣವೇ ಕಿತ್ತು ಬರುತ್ತದೆ. ಬಳಪದ ಕಲ್ಲು ನುಣುಪು, ಉಳಿ ಹೇಳಿದಂತೆ ಕೇಳುತ್ತದೆ. ಹೊಯ್ಸಳರ ಶಿಲ್ಪಿಗಳು ಸರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾದದ್ದು ಇದರಿಂದಲೇ. ಹಾಗಂತ ಬಾದಾಮಿಯವರ ಕೈಚಳಕ ಕಮ್ಮಿ ಎನ್ನಬೇಡಿ. ಒರಟು ಕಲ್ಲಿನಲ್ಲಿ ಅಂಥ ತುಂಬು ಮೈಯ, ಉಸಿರಾಡುವಂಥ ಮೂರ್ತಿ ಕಡೆಯುವುದು ಸುಮ್ನೆ ಮಾತಲ್ಲ, ನನಗಂತೂ ಅದೇ ಜಾಸ್ತಿ ಇಷ್ಟ.

ಇನ್ನೊಂದು ಮಾತು. ಗೆರೆ ಕಂಡ ಕಲ್ಲೆಲ್ಲ ಪದರಶಿಲೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಲ್ಲೂ ಕಪ್ಪು ಬಿಳಿ ಪಟ್ಟೆಗಳಿವೆ, ಆದರೆ ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ (gneiss) ಎಂಬ ರೂಪಾಂತರ ಶಿಲೆ. ಮರಳು, ಕೆಸರು ಒಂದರ ಮೇಲೊಂದು ಕೂತು ಆದ ಪಟ್ಟೆ ಅದಲ್ಲ, ಶಾಖ ಮತ್ತು ಒತ್ತಡದಲ್ಲಿ ಖನಿಜಗಳು ಬೇರೆ ಬೇರೆಯಾಗಿ ಸಾಲುಗಟ್ಟಿದ್ದು.

ಶಾಲೆಯಲ್ಲಿ ಇದನ್ನೆಲ್ಲ ಎರಡು ಸಾಲಿನ ವ್ಯಾಖ್ಯೆಯಾಗಿ ಬಾಯಿಪಾಠ ಮಾಡಿಸುತ್ತೇವೆ, ಅದೇ ಮಕ್ಕಳನ್ನು ಪ್ರವಾಸಕ್ಕೆ ಅಂತ ಇದೇ ಕಲ್ಲುಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದು ವಾಪಸ್ ಕರೆತರುತ್ತೇವೆ. ನಿಮ್ಮ ಪ್ರವಾಸ ಪುಟದಲ್ಲಿ ಪ್ರತಿ ದೇವಸ್ಥಾನದ ಜೊತೆ ಅದರ ಕಲ್ಲಿನ ಬಗ್ಗೆ ನಾಲ್ಕು ಸಾಲು ಹಾಕಿ. ಮೇಷ್ಟ್ರುಗಳು ಜೊತೆಗೊಂದು ಭೂತಗನ್ನಡಿ ಒಯ್ಯಲಿ. ಶಿಲ್ಪವನ್ನು ಮಾತ್ರ ಯಾರೂ ಗೀರಿ ನೋಡಬಾರದು. ಉಗುರಲ್ಲಿ ಗೀರಿ ನೋಡುವುದಕ್ಕೆ, ಕಲ್ಲು ಕೆತ್ತುವವರ ಹತ್ತಿರ ಕೇಳಿ ತಂದ ಬಳಪದ ಕಲ್ಲಿನ ಒಂದು ಚೂರು ಸಾಕು.

– ಒಬ್ಬ ಓದುಗ, ಬಾಗಲಕೋಟೆ